ಐದು ಚಿನ್ನ ಗೆದ್ದು ಮೂಳೆ ವೈದ್ಯರಾದ ಎರಿಕ್ ಹೈಡನ್: ಆಟ, ಆಸ್ಪತ್ರೆ, ಮೈಕು

ಹಿಮಹಾದಿ:

ಚಳಿಗಾಲದ ಒಲಿಂಪಿಕ್ಸ್ ಎಂದರೆ ನಮ್ಮ ಕಡೆ ಅರ್ಧ ಜನ ಚಾನೆಲ್ ಬದಲಿಸುತ್ತಾರೆ ಎಂದು ಗೊತ್ತಿದ್ದೂ ಈ ಚರ್ಚೆ ಆರಂಭಿಸುತ್ತಿದ್ದೇನೆ. ವಿಷಯ ಎರಿಕ್ ಹೈಡನ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1958 ರಲ್ಲಿ ಹುಟ್ಟಿದವರು. 1980 ರ ಲೇಕ್ ಪ್ಲಾಸಿಡ್ ಕ್ರೀಡಾಕೂಟದಲ್ಲಿ ಪುರುಷರ ಸ್ಪೀಡ್ ಸ್ಕೇಟಿಂಗ್‌ಗೆ ಇದ್ದದ್ದು ಐದೇ ಸ್ಪರ್ಧೆಗಳು: 500, 1000, 1500, 5000 ಮತ್ತು 10,000 ಮೀಟರ್. ಐದರಲ್ಲೂ ಚಿನ್ನ ಗೆದ್ದವರು ಇವರೊಬ್ಬರೇ. ಮೊದಲನೆಯದು 38 ಸೆಕೆಂಡಿನಲ್ಲಿ ಮುಗಿಯಿತು, ಕೊನೆಯದಕ್ಕೆ ಹದಿನಾಲ್ಕೂವರೆ ನಿಮಿಷ ಹಿಡಿಯಿತು. ಇವೆರಡಕ್ಕೂ ಬೇಕಾದ ಸ್ನಾಯು ಬೇರೆ, ಉಸಿರು ಬೇರೆ, ತಯಾರಿ ಬೇರೆ. ಎರಡನ್ನೂ ಒಂದೇ ದೇಹ ಒಂದೇ ವಾರದ ಆಸುಪಾಸಿನಲ್ಲಿ ಗೆದ್ದದ್ದು ಇವತ್ತಿಗೂ ನನಗೆ ಪೂರ್ತಿ ಅರ್ಥವಾಗಿಲ್ಲ.

ಆಗ ಅವರಿಗೆ 21 ವರ್ಷ. ಜಾಹೀರಾತಿನವರು ಬಾಗಿಲಲ್ಲಿ ಸಾಲುಗಟ್ಟಿದರು. ಹೈಡನ್‌ಗೆ ಆ ಗದ್ದಲ ಹಿಡಿಸಲಿಲ್ಲ. ಯಾರಿಗೂ ಗೊತ್ತಿಲ್ಲದ ಆಟದಲ್ಲಿ ಯಾರಿಗೂ ಗೊತ್ತಿಲ್ಲದವನಾಗಿ ಇದ್ದಾಗಲೇ ಚೆನ್ನಾಗಿತ್ತು ಎಂಬರ್ಥದ ಮಾತನ್ನು ಆಗಲೇ ಹೇಳಿದ್ದರು. ಆ ಋತು ಮುಗಿಯುತ್ತಿದ್ದಂತೆ ಸ್ಕೇಟ್ ಕಳಚಿಟ್ಟು ಸೈಕಲ್ ಏರಿದರು. ಸ್ಕೇಟರ್‌ಗಳು ಬೇಸಿಗೆಯಲ್ಲಿ ಸೈಕಲ್ ತುಳಿದೇ ಅಭ್ಯಾಸ ಮಾಡುವುದರಿಂದ ಈ ಬದಲಾವಣೆ ನಾವು ಅಂದುಕೊಳ್ಳುವಷ್ಟು ವಿಚಿತ್ರವೇನಲ್ಲ. ಸೆವೆನ್ ಇಲೆವೆನ್ ಎಂಬ ಸೈಕ್ಲಿಂಗ್ ತಂಡ ಕಟ್ಟಿದ ಮೊದಲಿಗರಲ್ಲಿ ಅವರೂ ಒಬ್ಬರು. 1985 ರಲ್ಲಿ ಅಮೆರಿಕದ ವೃತ್ತಿಪರ ರಸ್ತೆ ಸೈಕ್ಲಿಂಗ್ ಚಾಂಪಿಯನ್ ಆದರು. 1986 ರಲ್ಲಿ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪರ್ಧಿಸಿ, ಕೊನೆಯ ಹಂತ ಹತ್ತಿರವಾಗುವ ಹೊತ್ತಿಗೆ ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಹಿಂದೆ ಸರಿಯಬೇಕಾಯಿತು.

ಇದರ ನಡುವೆಯೇ ಸ್ಟ್ಯಾನ್‌ಫರ್ಡ್‌ನಲ್ಲಿ ಓದು. 1984 ರಲ್ಲಿ ಪದವಿ, 1991 ರಲ್ಲಿ ವೈದ್ಯಕೀಯ ಪದವಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸಿದ್ದು 1996 ರಲ್ಲಿ. ಸ್ಯಾಕ್ರಮೆಂಟೊದಲ್ಲಿ ಬಾಸ್ಕೆಟ್‌ಬಾಲ್ ತಂಡ ಕಿಂಗ್ಸ್‌ಗೆ ವೈದ್ಯರಾಗಿದ್ದು, ಬಳಿಕ ಯೂಟಾದಲ್ಲಿ ನೆಲೆಸಿದರು. 2002 ರ ಸಾಲ್ಟ್ ಲೇಕ್ ಸಿಟಿಯಿಂದ ಹಲವು ಒಲಿಂಪಿಕ್ಸ್‌ಗಳಿಗೆ ಅಮೆರಿಕದ ಸ್ಪೀಡ್ ಸ್ಕೇಟಿಂಗ್ ತಂಡದ ಜತೆ ವೈದ್ಯರಾಗಿ ಹೋದರು. ಓದಿನ ಕಾಲದಲ್ಲೇ ಎಬಿಸಿ ವಾಹಿನಿಗೆ ವೀಕ್ಷಕ ವಿವರಣೆಯನ್ನೂ ಕೊಟ್ಟರು. 1984 ರ ಸರಾಯೇವೊ ಒಲಿಂಪಿಕ್ಸ್‌ನಲ್ಲಿ ಮೈಕ್ ಹಿಡಿದು ಕುಳಿತಾಗ ಅವರ ಐದು ಚಿನ್ನಕ್ಕೆ ಇನ್ನೂ ನಾಲ್ಕೇ ವರ್ಷ.

ಕೇಳಬೇಕೆಂದಿರುವುದು ಎರಡು ವಿಷಯ. ಆಟಗಾರರಾಗಿದ್ದವರು ವೈದ್ಯರಾದರೆ ರೋಗಿಗೆ ನಿಜಕ್ಕೂ ಲಾಭವಿದೆಯೇ, ಅಥವಾ ಅದು ಕೇಳಲು ಚೆಂದವಿರುವ ಕಥೆ ಮಾತ್ರವೇ? ವೈದ್ಯಕೀಯ ತಿಳಿದವರು ಮೈಕ್ ಮುಂದೆ ಕುಳಿತರೆ ನೋಡುವವರಿಗೆ ಒಳ್ಳೆಯದೇ?

ಅಂಕಿಅಂಶಪ್ರಿಯ:

ಐದು ಚಿನ್ನದ ತೂಕ ತಿಳಿಯಬೇಕಾದರೆ ಒಂದು ಹೋಲಿಕೆ ಬೇಕು. 1972 ರಲ್ಲಿ ಈಜುಗಾರ ಮಾರ್ಕ್ ಸ್ಪಿಟ್ಜ್ ಏಳು ಚಿನ್ನ ಗೆದ್ದರು, ಅದರಲ್ಲಿ ಮೂರು ರಿಲೇಯಲ್ಲಿ ಬಂದವು. ಒಂದೇ ಕೂಟದಲ್ಲಿ ಐದು ವೈಯಕ್ತಿಕ ಚಿನ್ನ ಎಂಬ ಸಾಧನೆ ಮೊದಲು ಹೈಡನ್ ಅವರದು. 2008 ರಲ್ಲಿ ಬೀಜಿಂಗ್‌ನಲ್ಲಿ ಈಜುಗಾರ ಫೆಲ್ಪ್ಸ್ ಗೆದ್ದ ಎಂಟರಲ್ಲೂ ವೈಯಕ್ತಿಕ ಐದೇ. ಸೋವಿಯತ್‌ನ ಲಿಡಿಯಾ ಸ್ಕೊಬ್ಲಿಕೋವಾ 1964 ರಲ್ಲಿ ಮಹಿಳೆಯರ ನಾಲ್ಕಕ್ಕೆ ನಾಲ್ಕೂ ಸ್ಕೇಟಿಂಗ್ ಸ್ಪರ್ಧೆ ಗೆದ್ದಿದ್ದರು. ಆಗ ಇದ್ದದ್ದೇ ನಾಲ್ಕು.

10,000 ಮೀಟರ್ ದಿನದ ಕಥೆ ಬರೆಯದೆ ಬಿಟ್ಟಿದ್ದೀರಿ. ಹಿಂದಿನ ಸಂಜೆ ಅಮೆರಿಕದ ವಿದ್ಯಾರ್ಥಿ ತಂಡ ಐಸ್ ಹಾಕಿಯಲ್ಲಿ ಸೋವಿಯತ್ ತಂಡವನ್ನು ಸೋಲಿಸಿತ್ತು. ಆ ತಂಡದಲ್ಲಿ ಮ್ಯಾಡಿಸನ್‌ನ ಗೆಳೆಯರಿದ್ದರು. ಹೈಡನ್ ಪಂದ್ಯ ನೋಡಿ ತಡವಾಗಿ ಮಲಗಿ, ಬೆಳಿಗ್ಗೆ ತಡವಾಗಿ ಎದ್ದು, ಕೈಗೆ ಸಿಕ್ಕ ಬ್ರೆಡ್ ತಿಂದು ಓಡಿದರು. 14 ನಿಮಿಷ 28.13 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ವಿಶ್ವದಾಖಲೆಯಲ್ಲಿ ಆರು ಸೆಕೆಂಡಿಗೂ ಹೆಚ್ಚು ಕಡಿತ! ಇದನ್ನು ನಿಮ್ಮ ಮಕ್ಕಳಿಗೆ ಮಾತ್ರ ಹೇಳಬೇಡಿ.

ದಾವಣಗೆರೆಬೆಣ್ಣೆ:

ಕಥೆ ಚೆನ್ನಾಗಿದೆ. ಒಂದು ವಿಷಯ ಬಿಟ್ಟುಹೋಗಿದೆ. ಹೈಡನ್ ಅವರ ತಂದೆ ಮ್ಯಾಡಿಸನ್‌ನಲ್ಲಿ ಮೂಳೆ ಶಸ್ತ್ರಚಿಕಿತ್ಸಕರಾಗಿದ್ದರು.

ಇನ್ನೊಬ್ಬರನ್ನು ನೋಡಿ. ಟೆನ್ಲಿ ಆಲ್‌ಬ್ರೈಟ್, 1956 ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ. ಕೂಟಕ್ಕೆ ಎರಡು ವಾರವೂ ಇಲ್ಲದಿದ್ದಾಗ ಅಭ್ಯಾಸದಲ್ಲಿ ಬಿದ್ದು ತಮ್ಮದೇ ಸ್ಕೇಟಿನ ಅಲುಗಿನಿಂದ ಕಾಲು ಕೊಯ್ದುಕೊಂಡರು. ಧಾವಿಸಿ ಬಂದು ಗಾಯ ಸರಿಪಡಿಸಿದ್ದು ಯಾರು? ಶಸ್ತ್ರಚಿಕಿತ್ಸಕರಾಗಿದ್ದ ಅವರ ತಂದೆ. ಆಕೆ ಮುಂದೆ ಹಾರ್ವರ್ಡ್‌ನಲ್ಲಿ ಓದಿ ತಾವೂ ಶಸ್ತ್ರಚಿಕಿತ್ಸಕಿಯಾದರು.

ಇಬ್ಬರ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಊಟದ ಮೇಜಿನ ಮೇಲೆ ಮೂಳೆ, ಸ್ನಾಯುಗಳ ಮಾತು ನಡೆಯುವ ಮನೆಯಲ್ಲಿ ಬೆಳೆದವರಿಗೆ ಆಟ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂಬ ದಾರಿ ಮೊದಲೇ ಕಾಣುತ್ತದೆ. ನಮ್ಮ ಊರಿನ ಕುಸ್ತಿ ಪೈಲ್ವಾನನ ಮಗನಿಗೆ ಮಂಡಿ ಹೋದರೆ ಕಾಣುವುದು ಪೊಲೀಸ್ ನೇಮಕಾತಿ ಅಥವಾ ರೈಲ್ವೆ ಕೋಟಾ. ಅದೂ ಸಿಕ್ಕರೆ. ಹಾಗಾಗಿ ಇಂತಹ ಕಥೆಗಳನ್ನು "ಛಲವಿದ್ದರೆ ಸಾಕು" ಎಂಬ ಶೀರ್ಷಿಕೆಯಡಿ ಹಂಚಿಕೊಳ್ಳುವವರನ್ನು ಕಂಡರೆ ನನಗೆ ರೇಗುತ್ತದೆ.

ಹಳೆಯಮೈಲಿ:

ಬೆಣ್ಣೆಯವರ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಹಾಗೆಯೇ ಅಲ್ಲ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲಿಗ ರೋಜರ್ ಬ್ಯಾನಿಸ್ಟರ್ ವೈದ್ಯರ ಮನೆಯಿಂದ ಬಂದವರಲ್ಲ. ಶ್ರೀಮಂತರ ಮಕ್ಕಳೂ ಅಲ್ಲ.

1954 ರ ಮೇ 6 ರಂದು ಆಕ್ಸ್‌ಫರ್ಡ್‌ನ ಇಫ್ಲಿ ರೋಡ್ ಟ್ರ್ಯಾಕ್‌ನಲ್ಲಿ ನಡೆದದ್ದನ್ನು ಈ ಚರ್ಚೆಯ ಬೆಳಕಿನಲ್ಲಿ ನೋಡಬೇಕು. ಬ್ಯಾನಿಸ್ಟರ್ ಆಗ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಅಲ್ಲಿನ ಪ್ರಯೋಗಾಲಯದಲ್ಲಿ ಶೂಗಳ ಮೊಳೆಗಳನ್ನು ಉಜ್ಜಿ ಚೂಪು ಮಾಡಿಕೊಂಡು, ರೈಲು ಹತ್ತಿ ಆಕ್ಸ್‌ಫರ್ಡ್‌ಗೆ ಬಂದರು. ಸಂಜೆ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ಅದಕ್ಕೂ ಮೊದಲು ಟ್ರೆಡ್‌ಮಿಲ್ ಮೇಲೆ ಓಡುವವರ ಉಸಿರಾಟದ ಬಗ್ಗೆ ಅವರು ಸಂಶೋಧನೆ ಮಾಡಿದ್ದರು, ಆಮ್ಲಜನಕ ಹೆಚ್ಚಿಸಿದರೆ ಏನಾಗುತ್ತದೆ ಎಂದು ಅಳೆದಿದ್ದರು. ಅಂದರೆ ಅವರ ಓಟ ಮತ್ತು ವೈದ್ಯಕೀಯ ಒಂದಾದ ಮೇಲೆ ಒಂದು ಬಂದದ್ದಲ್ಲ, ಎರಡೂ ಜತೆಜತೆಯಲ್ಲೇ ನಡೆದವು. ಅದೇ ವರ್ಷ ಓಟ ನಿಲ್ಲಿಸಿ, ಮುಂದೆ ನರರೋಗ ತಜ್ಞರಾದರು.

ಆ ದಿನ ವೇಗ ಹಿಡಿದುಕೊಟ್ಟವರು ಇಬ್ಬರು. ಕ್ರಿಸ್ ಬ್ರ್ಯಾಷರ್ ಎರಡೂವರೆ ಸುತ್ತು ಮುನ್ನಡೆಸಿದರು. ಮುಂದೆ ಪತ್ರಕರ್ತರಾಗಿ, ಬಿಬಿಸಿಯಲ್ಲೂ ದುಡಿದು, 1981 ರಲ್ಲಿ ಲಂಡನ್ ಮ್ಯಾರಥಾನ್ ಆರಂಭಿಸಿದವರಲ್ಲಿ ಒಬ್ಬರಾದರು. ಅವರ ನಂತರ ಮುಂದೆ ಬಂದ ಕ್ರಿಸ್ ಚಾಟವೇ 1955 ರಲ್ಲಿ ಬ್ರಿಟನ್ನಿನ ಐಟಿಎನ್ ಸುದ್ದಿಯ ಮೊದಲ ವಾಚಕರಾದರು, ಆಮೇಲೆ ಸಂಸದ, ಸಚಿವ. ಫಲಿತಾಂಶ ಘೋಷಿಸಿದ ನಾರಿಸ್ ಮೆಕ್‌ವರ್ಟರ್ ಕೂಡ ಮಾಧ್ಯಮದವರೇ. "ಮೂರು" ಎಂಬ ಅಂಕಿ ಬಾಯಿಂದ ಬಿದ್ದದ್ದೇ ತಡ, ಉಳಿದದ್ದು ಜನರ ಕೂಗಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ತಮಾಷೆ ಗೊತ್ತೇ? ಬಿಬಿಸಿ ಅದೇ ವರ್ಷ ಆರಂಭಿಸಿದ ವರ್ಷದ ಕ್ರೀಡಾಪಟು ಪ್ರಶಸ್ತಿ ಬ್ಯಾನಿಸ್ಟರ್‌ಗೆ ಸಿಗಲಿಲ್ಲ, ಚಾಟವೇಗೆ ಸಿಕ್ಕಿತು. ಚಾಟವೇ ಅಕ್ಟೋಬರಿನಲ್ಲಿ ವೈಟ್ ಸಿಟಿಯಲ್ಲಿ ಸೋವಿಯತ್‌ನ ಕುಟ್ಸ್ ಅವರನ್ನು 5000 ಮೀಟರ್‌ನಲ್ಲಿ ಸೋಲಿಸಿದ್ದನ್ನು ಜನ ಟಿವಿಯಲ್ಲಿ ನೋಡಿದ್ದರು. ಟಿವಿಗೆ ಕಂಡದ್ದೇ ದೊಡ್ಡದು ಎಂಬ ನಿಯಮ ಆಗಲೇ ಶುರುವಾಗಿತ್ತು ಎನ್ನಿ.

ಬ್ಯಾನಿಸ್ಟರ್ ಅವರ ಅತ್ಯಂತ ಮುಖ್ಯ ಕೆಲಸ ಯಾವುದು ಎಂದು ಕೇಳಿದರೆ ನಾನು ಮೈಲಿ ಓಟ ಎನ್ನುವುದಿಲ್ಲ. 1971 ರಿಂದ 1974 ರವರೆಗೆ ಬ್ರಿಟನ್ನಿನ ಕ್ರೀಡಾ ಮಂಡಳಿಯ ಅಧ್ಯಕ್ಷರಾಗಿದ್ದಾಗ ಸ್ನಾಯು ಬೆಳೆಸುವ ಅನಾಬಾಲಿಕ್ ಸ್ಟೆರಾಯ್ಡ್ ಪತ್ತೆ ಪರೀಕ್ಷೆಯ ಅಭಿವೃದ್ಧಿಗೆ ಬೆಂಬಲವಾಗಿ ನಿಂತರು. ಓಡಿದವನಾದ್ದರಿಂದ ಓಟಗಾರರು ಎಲ್ಲಿ ಅಡ್ಡದಾರಿ ಹಿಡಿಯುತ್ತಾರೆಂದು ತಿಳಿದಿತ್ತು. ವೈದ್ಯನಾದ್ದರಿಂದ ಅದನ್ನು ರಕ್ತ, ಮೂತ್ರದಲ್ಲಿ ಹಿಡಿಯಬಹುದೆಂದೂ ತಿಳಿದಿತ್ತು. ಹಿಮಹಾದಿಯವರ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ.

ಪೊನ್ನಂಪೇಟೆಹಾಕಿ:

ಎಲ್ಲರೂ ಅಮೆರಿಕ, ಇಂಗ್ಲೆಂಡ್ ಎನ್ನುತ್ತಿದ್ದೀರಿ. ನಮ್ಮ ದೇಶದಲ್ಲೇ ಡಾ. ವೇಸ್ ಪೇಸ್ ಇರಲಿಲ್ಲವೇ?

1972 ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಹಾಕಿ ತಂಡದ ಮಿಡ್‌ಫೀಲ್ಡರ್. ಆ ತಂಡದಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಇದ್ದರು ಎಂದು ಇಲ್ಲಿನ ಹಿರಿಯರು ಇನ್ನೂ ಹೆಮ್ಮೆಯಿಂದ ಹೇಳುತ್ತಾರೆ. ಪೇಸ್ ಗೋವಾದಲ್ಲಿ ಹುಟ್ಟಿ, ಕೋಲ್ಕತ್ತದಲ್ಲಿ ನೆಲೆಸಿದವರು. ಆಟ ನಿಲ್ಲಿಸಿದ ಮೇಲೆ ಕ್ರೀಡಾ ವೈದ್ಯಕೀಯವನ್ನೇ ವೃತ್ತಿ ಮಾಡಿಕೊಂಡರು. ಡೇವಿಸ್ ಕಪ್ ತಂಡಕ್ಕೆ ವೈದ್ಯರಾಗಿದ್ದರು, ಉದ್ದೀಪನ ಮದ್ದು ತಡೆಯ ವಿಷಯದಲ್ಲಿ ಬಿಸಿಸಿಐಗೆ ಸಲಹೆಗಾರರಾಗಿದ್ದರು, ರಗ್ಬಿ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು. 2025 ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಬಹುತೇಕ ಸುದ್ದಿಗಳ ಶೀರ್ಷಿಕೆ "ಲಿಯಾಂಡರ್ ಪೇಸ್ ತಂದೆ" ಎಂದೇ ಇತ್ತು. ಒಲಿಂಪಿಕ್ ಪದಕ, ವೈದ್ಯಕೀಯ ಎರಡೂ ಮಗನ ನೆರಳಿಗೆ ಸರಿದವು.

ಈಗ ಬೆಣ್ಣೆಯವರು "ಅವರ ಮನೆಯಲ್ಲೂ ಅನುಕೂಲವಿತ್ತು" ಎನ್ನುತ್ತಾರೆ. ಅನ್ನಲಿ. ಎಪ್ಪತ್ತರ ದಶಕದಲ್ಲಿ ಹಾಕಿ ಆಡಿ ಯಾರೂ ಮನೆ ಕಟ್ಟಲಿಲ್ಲ, ಅದಂತೂ ಸತ್ಯ.

ದಾವಣಗೆರೆಬೆಣ್ಣೆ:

ಅನ್ನುವುದಿಲ್ಲ. ಪೇಸ್ ಅವರ ವಿಷಯದಲ್ಲಿ ಶೀರ್ಷಿಕೆ ಬರೆದವರ ಮೇಲೆ ನನಗೂ ಸಿಟ್ಟಿದೆ.

ಫಿಸಿಯೊಧಾರವಾಡ:

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ನನ್ನ ಹೊಟ್ಟೆಪಾಡಿಗೆ ಹತ್ತಿರದ ವಿಷಯವಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ವೈದ್ಯರ ಕೆಲಸ ಮತ್ತು ವೀಕ್ಷಕ ವಿವರಣೆಗಾರರ ಕೆಲಸ ಒಂದಕ್ಕೊಂದು ಅಡ್ಡ ನಿಲ್ಲುವಂಥವು. ಆಟಗಾರನ ಮಂಡಿಯಲ್ಲಿ ಏನಾಗಿದೆ ಎಂದು ತಂಡದ ವೈದ್ಯನಿಗೆ ಗೊತ್ತಿರುತ್ತದೆ, ಅವನು ಬಾಯಿ ಮುಚ್ಚಿಕೊಂಡಿರಬೇಕು. ವಿವರಣೆಗಾರನಿಗೆ ಏನೂ ಗೊತ್ತಿರುವುದಿಲ್ಲ, ಅವನು ಏನಾದರೂ ಹೇಳಲೇಬೇಕು. ಒಬ್ಬನೇ ಮನುಷ್ಯ ಒಂದೇ ಕಾಲದಲ್ಲಿ ಎರಡೂ ಆಗಲು ಹೊರಟರೆ ಯಾವುದೋ ಒಂದು ಕಡೆ ನಂಬಿಕೆ ಮುರಿಯುತ್ತದೆ. ಹೈಡನ್ ಅವರ ಬದುಕಿನಲ್ಲಿ ನನಗೆ ಮೆಚ್ಚುಗೆಯಾದದ್ದು ಇದು: ಸರಾಯೇವೊದಲ್ಲಿ ಮೈಕ್ ಹಿಡಿದಾಗ ಅವರಿನ್ನೂ ವೈದ್ಯರಾಗಿರಲಿಲ್ಲ. ತಂಡದ ವೈದ್ಯರಾಗಿ ಹೋದಾಗ ಕೈಯಲ್ಲಿ ಮೈಕ್ ಇರಲಿಲ್ಲ.

2009 ರ ಸೆಪ್ಟೆಂಬರಿನಲ್ಲಿ ಅಮೆರಿಕದ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್ ಆಯ್ಕೆ ಸ್ಪರ್ಧೆಯಲ್ಲಿ ಜೆ.ಆರ್. ಸೆಲ್ಸ್ಕಿ ಎಂಬ ಯುವಕ ಜಾರಿ ಗೋಡೆಗೆ ಬಡಿದಾಗ ಬಲಗಾಲಿನ ಸ್ಕೇಟ್ ಎಡತೊಡೆಯನ್ನು ಆಳವಾಗಿ ಸೀಳಿತು. ತೊಡೆಯ ದೊಡ್ಡ ರಕ್ತನಾಳ ಸ್ವಲ್ಪದರಲ್ಲಿ ತಪ್ಪಿತು. ಅಲ್ಲಿ ತಂಡದ ವೈದ್ಯರಾಗಿ ಇದ್ದವರು ಹೈಡನ್. ಐದು ತಿಂಗಳ ನಂತರ ವ್ಯಾಂಕೋವರ್‌ನಲ್ಲಿ ಸೆಲ್ಸ್ಕಿ ಎರಡು ಕಂಚು ಗೆದ್ದರು. ಅಂತಹ ಗಾಯದಲ್ಲಿ ಮೊದಲ ಕೆಲಸ ಒತ್ತಿ ಹಿಡಿದು ರಕ್ತ ನಿಲ್ಲಿಸುವುದು. ಅದಕ್ಕೆ ಚಿನ್ನದ ಪದಕ ಬೇಡ, ತರಬೇತಿ ಸಾಕು. ಪದಕ ನೆರವಿಗೆ ಬರುವುದು ಆಮೇಲೆ. "ಫೆಬ್ರವರಿಗೆ ನಾನು ಸ್ಕೇಟ್ ಮಾಡಬಹುದೇ?" ಎಂದು ಹತ್ತೊಂಬತ್ತರ ಹುಡುಗ ಕೇಳಿದಾಗ, ಆ ಪ್ರಶ್ನೆ ಎಲ್ಲಿಂದ ಬರುತ್ತಿದೆ ಎಂದು ಬಿಡಿಸಿ ಹೇಳದೆಯೇ ಅರ್ಥವಾಗುವ ವೈದ್ಯರು ಕಡಿಮೆ. ನಮ್ಮಲ್ಲಿ ಬಹುಪಾಲು ವೈದ್ಯರು "ಆರು ತಿಂಗಳು ಆಟ ಬೇಡ" ಎಂದು ಬರೆದು ಕಳಿಸುತ್ತಾರೆ. ಹುಡುಗರು ಅದನ್ನು ಕೇಳದೆ ಮೂರನೇ ವಾರಕ್ಕೆ ಮೈದಾನದಲ್ಲಿರುತ್ತಾರೆ. ಆರು ತಿಂಗಳಲ್ಲಿ ಯಾವ ವಾರ ಏನು ಮಾಡಬಹುದು ಎಂದು ಹೇಳಿಕೊಟ್ಟರೆ ಕೇಳುತ್ತಾರೆ.

ಇನ್ನು ಮೈಕಿನ ಕಡೆಗೆ. ಆಟಗಾರ ಕುಂಟಿದ ಕೂಡಲೇ "ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಇರಬೇಕು" ಎನ್ನುವ ಚಾಳಿ ಎಲ್ಲ ಭಾಷೆಯ ವಿವರಣೆಯಲ್ಲೂ ಇದೆ. ಹಳೆಯ ಆಟಗಾರ ಹಾಗೆಂದರೆ ಜನ ಊಹೆ ಎಂದುಕೊಳ್ಳುತ್ತಾರೆ. ವೈದ್ಯನೊಬ್ಬ ಹೇಳಿದರೆ ಅದು ರೋಗನಿರ್ಣಯವಾಗಿಬಿಡುತ್ತದೆ, ಅದೂ ಮುಟ್ಟಿ ನೋಡದೆ, ಕ್ಯಾಮೆರಾ ತೋರಿಸಿದ ಒಂದು ಕೋನದಿಂದ. ಆಟಗಾರನ ಮುಂದಿನ ಒಪ್ಪಂದ, ವಿಮೆ, ತಂಡದಲ್ಲಿ ಸ್ಥಾನ ಎಲ್ಲಕ್ಕೂ ಆ ಒಂದು ವಾಕ್ಯ ತಗುಲಬಹುದು. ವೈದ್ಯಕೀಯ ತಿಳಿದವರು ಮೈಕ್ ಮುಂದೆ ಮಾಡಬಹುದಾದ ಒಳ್ಳೆಯ ಕೆಲಸ ಬೇರೆಯೇ ಇದೆ: ಏನಾಗಿದೆ ಎಂದು ಊಹಿಸುವ ಬದಲು, ಮೈದಾನದಲ್ಲಿ ಈಗ ಏನು ನಡೆಯುತ್ತಿದೆ, ಏಕೆ ನಡೆಯುತ್ತಿದೆ ಎಂದು ವಿವರಿಸುವುದು.

2019 ರ ಲಾರ್ಡ್ಸ್ ನೆನಪಿಸಿಕೊಳ್ಳಿ. ಆರ್ಚರ್ ಎಸೆತ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಪರೀಕ್ಷೆ ಮಾಡಿದರು, ಸರಿಯಿದೆ ಎಂದರು, ಸ್ಮಿತ್ ಮತ್ತೆ ಬ್ಯಾಟ್ ಮಾಡಿದರು. ಮರುದಿನ ಬೆಳಿಗ್ಗೆ ಲಕ್ಷಣಗಳು ಕಾಣಿಸಿಕೊಂಡು ಹೊರಗುಳಿದರು, ಲಬುಶೇನ್ ಟೆಸ್ಟ್‌ನ ಮೊದಲ ಕನ್‌ಕಷನ್ (ಮಿದುಳಿನ ಪೆಟ್ಟು) ಬದಲಿ ಆಟಗಾರರಾದರು. ಮಿದುಳಿನ ಪೆಟ್ಟಿನ ಲಕ್ಷಣ ತಡವಾಗಿ ಕಾಣಿಸಬಹುದು ಎಂಬ ಒಂದೇ ಸಂಗತಿಯನ್ನು ಜನರಿಗೆ ತಿಳಿಸಿದ್ದರೆ, ಮರುವರ್ಷ ಕ್ಯಾನ್‌ಬೆರಾದಲ್ಲಿ ತಲೆಗೆ ಚೆಂಡು ಬಡಿದ ಜಡೇಜಾ ಬದಲಿಗೆ ಚಾಹಲ್ ಬಂದು ಮೂರು ವಿಕೆಟ್ ಕಿತ್ತಾಗ "ಇದು ಮೋಸ" ಎಂಬ ಗುಲ್ಲು ಅಷ್ಟು ಏಳುತ್ತಿರಲಿಲ್ಲ.

ರೇಡಿಯೊಕಿವಿ:

ಫಿಸಿಯೊ ಅವರೇ, ಎರಡೂ ಕೆಲಸ ಮಾಡಿದವರು ನಮ್ಮಲ್ಲೂ ಇದ್ದಾರೆ. ಡಾ. ನರೋತ್ತಮ ಪುರಿ ಕಿವಿ, ಮೂಗು, ಗಂಟಲಿನ ವೈದ್ಯರು, ಆಕಾಶವಾಣಿ ಮತ್ತು ದೂರದರ್ಶನದಲ್ಲಿ ವರ್ಷಗಟ್ಟಲೆ ಕ್ರಿಕೆಟ್ ವಿವರಣೆ ಕೊಟ್ಟವರು. ದೊಡ್ಡ ಆಟಗಾರರೇನಲ್ಲ, ತಂದೆಯೂ ವಿವರಣೆಗಾರರಾಗಿದ್ದರು. (ಬೆಣ್ಣೆಯವರಿಗೆ ಇದು ಇನ್ನೊಂದು ಸಾಕ್ಷಿ.) ಅವರ ಮಾತು ಕೇಳಲು ಚೆನ್ನಾಗಿತ್ತು, ಅದಕ್ಕೆ ಅವರ ವೈದ್ಯ ಪದವಿ ಕಾರಣವಾಗಿರಲಿಲ್ಲ. ಹಾಗಾಗಿ ವೈದ್ಯ ಮೈಕ್ ಹಿಡಿದ ಮಾತ್ರಕ್ಕೆ ಅನಾಹುತವಾಗುತ್ತದೆ ಎನ್ನುವುದು ಅತಿಯಾಯಿತು.

ನನ್ನ ಪ್ರಕಾರ ದೊಡ್ಡ ತಪ್ಪು ನಡೆಯುವುದು ಕ್ಯಾಮೆರಾದಲ್ಲಿ. 2021 ರ ಯೂರೊ ಕೂಟದಲ್ಲಿ ಕೋಪನ್‌ಹೇಗನ್‌ನಲ್ಲಿ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ನಿಂತು ಕುಸಿದಾಗ ಡೆನ್ಮಾರ್ಕ್ ಆಟಗಾರರು ಸುತ್ತ ಗೋಡೆಯಂತೆ ನಿಂತರು. ಪ್ರಸಾರ ಮಾತ್ರ ಮುಂದುವರಿಯಿತು, ಅಳುತ್ತಿದ್ದ ಪತ್ನಿಯ ಮುಖವನ್ನೂ ತೋರಿಸಿತು. ಬಿಬಿಸಿ ಬಳಿಕ ಕ್ಷಮೆ ಕೇಳಿತು. ಅಂತಹ ಹೊತ್ತಿನಲ್ಲಿ ವಿವರಣೆಗಾರನಿಗೆ ಬೇಕಾದದ್ದು ಸುಮ್ಮನಿರುವ ಧೈರ್ಯ. ನಮ್ಮ ಈಗಿನ ಕನ್ನಡ ಕ್ರಿಕೆಟ್ ವಿವರಣೆಯಲ್ಲಿ ವಿಜಯ್ ಭಾರದ್ವಾಜ್ ಅವರಂತಹ ಹಳೆಯ ಆಟಗಾರರು ಇರುವುದರಿಂದ ಆಟದ ಒಳಗುಟ್ಟು ಚೆನ್ನಾಗಿ ಸಿಗುತ್ತದೆ, ಒಪ್ಪುತ್ತೇನೆ. ಆದರೆ ವಿವರಣೆಯ ಕೋಣೆಯಲ್ಲಿ ಕುಳಿತವರೆಲ್ಲ ಒಂದು ಕ್ಷಣವೂ ಖಾಲಿ ಬಿಡದೆ ಮಾತನಾಡುತ್ತಾರೆ. ಆಟಗಾರ ನೆಲದ ಮೇಲೆ ಬಿದ್ದಿದ್ದಾಗಲೂ ನಗೆಚಟಾಕಿ ನಿಲ್ಲುವುದಿಲ್ಲ. ದಸರಾ ಜಂಬೂಸವಾರಿಯ ಆಕಾಶವಾಣಿ ವಿವರಣೆ ಕೇಳಿ ಬೆಳೆದವನು ನಾನು. ಅವರು ಆನೆ ಬರುವವರೆಗೆ ಕಾಯುತ್ತಿದ್ದರು.

ಅಂಕಿಅಂಶಪ್ರಿಯ:

ಗಾಯದ ಮಾತು ಬಂದಾಗ ಬೆಂಗಳೂರಿನವನಾಗಿ ಕುಂಬ್ಳೆ ಹೆಸರು ಹೇಳದಿದ್ದರೆ ಹೇಗೆ? 2002 ರ ಆಂಟಿಗಾ. ದವಡೆ ಮುರಿದು, ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಕಿತ್ತರು. ಮರುದಿನ ಶಸ್ತ್ರಚಿಕಿತ್ಸೆಗೆಂದು ಊರಿಗೆ ಹೊರಟರು. ಅಂದು ತಂಡದ ವೈದ್ಯರು ಹೈಡನ್ ಆಗಿದ್ದರೆ ಬಿಡುತ್ತಿದ್ದರೇ?

ಫಿಸಿಯೊಧಾರವಾಡ:

ಮುರಿದ ದವಡೆ ಬೇರೆ, ಮಿದುಳಿನ ಪೆಟ್ಟು ಬೇರೆ. ದವಡೆಯನ್ನು ಕಟ್ಟಿ ಅಲುಗಾಡದಂತೆ ಇಟ್ಟು ಸ್ಪಿನ್ ಎಸೆದರೆ ನೋವು ಭೀಕರವಾಗಿರುತ್ತದೆ, ಅಪಾಯವೂ ಇದೆ, ಆದರೆ ನಿರ್ಧಾರ ಆಟಗಾರನ ತಲೆಯಲ್ಲಿಯೇ ಇರುತ್ತದೆ. ಮಿದುಳಿಗೆ ಪೆಟ್ಟಾದವನ ಮಾತನ್ನು ನಂಬುವಂತಿಲ್ಲ, ಏಕೆಂದರೆ ನಿರ್ಧರಿಸುವ ಅಂಗಕ್ಕೇ ಏಟು ಬಿದ್ದಿರುತ್ತದೆ. ಅದಕ್ಕೇ ಅಲ್ಲಿ ವೈದ್ಯನ ಮಾತೇ ಕೊನೆಯದಾಗಬೇಕು.

ಇಂದು ಅದೇ ದವಡೆ ಮುರಿದರೆ ಚೆಂಡು ಬಡಿದ ಕೂಡಲೇ ಕನ್‌ಕಷನ್ ಪರೀಕ್ಷೆಯೂ ಆಗುತ್ತದೆ. 2002 ರಲ್ಲಿ ಆ ನಿಯಮ ಇರಲಿಲ್ಲ. ಕುಂಬ್ಳೆ ಅವರ ಧೈರ್ಯ ನನಗೂ ದೊಡ್ಡದೇ. ನನ್ನ ಬಳಿ ಬರುವ ಹದಿನಾರರ ಬೌಲರ್‌ಗಳು ಸೊಂಟದ ಮೂಳೆಯ ಬಿರುಕನ್ನು ಮುಚ್ಚಿಟ್ಟುಕೊಂಡು ಆ ವಿಡಿಯೊ ತೋರಿಸುತ್ತಾರೆ ನೋಡಿ, ಆಗ ಮಾತ್ರ ತಲೆಬಿಸಿ.

ಓಟಗಾರ್ತಿಯಅಮ್ಮ:

ಬಹಳ ದಿನಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಈಗ. ನಮ್ಮ ಮಗಳು 400 ಮೀಟರ್ ಹರ್ಡಲ್ಸ್ ಓಡುತ್ತಾಳೆ, ಜಿಲ್ಲಾ ಮಟ್ಟದಲ್ಲಿ ಗೆದ್ದಿದ್ದಾಳೆ, ಈಗ ದ್ವಿತೀಯ ಪಿಯುಸಿ ವಿಜ್ಞಾನ. ಹೋದ ವರ್ಷ ಕಣಕಾಲು ಉಳುಕಿ ಫಿಸಿಯೊ ಬಳಿ ಹೋದಾಗಿನಿಂದ ಕ್ರೀಡಾ ವೈದ್ಯೆಯಾಗಬೇಕು ಎನ್ನುತ್ತಿದ್ದಾಳೆ. ನೀಟ್ ಕೋಚಿಂಗ್‌ನವರು ಓಟ ನಿಲ್ಲಿಸಿ ಎನ್ನುತ್ತಾರೆ, ಓಟದ ಕೋಚ್ ಇನ್ನೆರಡು ವರ್ಷ ಬಿಡಬೇಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ವೈದ್ಯರು ಯಾರೂ ಇಲ್ಲ. ಬೆಣ್ಣೆಯವರ ಮಾತು ಓದಿ ಸ್ವಲ್ಪ ಕುಗ್ಗಿದೆ. ತಿಳಿದವರು ದಾರಿ ಹೇಳಿ.

ಮೂಳೆವಿಭಾಗಮೈಸೂರು:

ಮೇಡಂ, ನಾನು ಮೂಳೆ ವೈದ್ಯ. ನೇರವಾಗಿಯೇ ಹೇಳುತ್ತೇನೆ.

ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಎಂಎಸ್ ಆರ್ಥೋಪೆಡಿಕ್ಸ್ ಮೂರು ವರ್ಷ, ಅದರ ಮೇಲೆ ಮಂಡಿ, ಭುಜದ ಕೀಹೋಲ್ ಶಸ್ತ್ರಚಿಕಿತ್ಸೆಯ ತರಬೇತಿ. ಶಸ್ತ್ರಚಿಕಿತ್ಸೆ ಬೇಡ ಎನ್ನುವವರಿಗೆ ಕ್ರೀಡಾ ವೈದ್ಯಕೀಯದಲ್ಲೇ ಎಂಡಿ ಇದೆ, ಸೀಟುಗಳು ದೇಶದಾದ್ಯಂತ ಬಹಳ ಕಡಿಮೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ 2010 ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ ಕ್ರೀಡಾ ಗಾಯಗಳ ಕೇಂದ್ರ ಇಂತಹ ಕಡೆಗಳಲ್ಲಿ ಮುಖ್ಯವಾದದ್ದು. ಪುನರ್ವಸತಿ ವೈದ್ಯಕೀಯ ಇನ್ನೊಂದು ಬಾಗಿಲು. ಫಿಸಿಯೊಥೆರಪಿ ಪದವಿಯನ್ನು ದಯವಿಟ್ಟು ಎರಡನೇ ದರ್ಜೆ ಎಂದುಕೊಳ್ಳಬೇಡಿ. ಮೈದಾನದಲ್ಲಿ ಆಟಗಾರರ ಜತೆ ದಿನವಿಡೀ ಇರುವವರು ಅವರೇ, ನಾವು ಆಸ್ಪತ್ರೆಯಲ್ಲಿ ಕಾಯುವವರು. ಬೆಂಗಳೂರಿನಲ್ಲಿ ಕ್ರೀಡಾ ಪ್ರಾಧಿಕಾರದ ಕೇಂದ್ರ, ಬಿಸಿಸಿಐ ಉತ್ಕೃಷ್ಟತಾ ಕೇಂದ್ರ, ಪಡುಕೋಣೆ ದ್ರಾವಿಡ್ ಕೇಂದ್ರ ಎಲ್ಲವೂ ಇರುವುದರಿಂದ ನಮ್ಮ ರಾಜ್ಯದವರಿಗೆ ಈ ಕೆಲಸ ಹತ್ತಿರದಲ್ಲೇ ಇದೆ.

ಓಟ ಬಿಡಬೇಕೇ? ಹೈಡನ್ ಮೂಳೆ ತರಬೇತಿ ಮುಗಿಸಿದಾಗ ಅವರಿಗೆ 38 ವರ್ಷ. ಡಾಟ್ ರಿಚರ್ಡ್‌ಸನ್ ಎಂಬ ಅಮೆರಿಕದ ಸಾಫ್ಟ್‌ಬಾಲ್ ಆಟಗಾರ್ತಿ ಲಾಸ್ ಏಂಜಲೀಸ್‌ನಲ್ಲಿ ಮೂಳೆ ವಿಭಾಗದ ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯೆ) ಆಗಿದ್ದಾಗಲೇ ರಜೆ ಪಡೆದು 1996 ರ ಒಲಿಂಪಿಕ್ಸ್ ಆಡಿದರು, ಚೀನಾ ವಿರುದ್ಧದ ಫೈನಲ್‌ನಲ್ಲಿ ಹೋಮ್ ರನ್ ಹೊಡೆದು ಚಿನ್ನ ಗೆಲ್ಲಿಸಿದರು, ಸಂಭ್ರಮ ಆರುವ ಮೊದಲೇ ಆಸ್ಪತ್ರೆಯ ಕೆಲಸಕ್ಕೆ ಮರಳಿದರು. ಆಗ ಅವರ ವಯಸ್ಸು 34. ಅಲ್ಲಿ ಓದನ್ನು ನಡುವೆ ನಿಲ್ಲಿಸಿ ಮತ್ತೆ ಹಿಡಿಯುವುದಕ್ಕೆ ಅವಕಾಶವಿದೆ. ನಮ್ಮಲ್ಲಿ ನೀಟ್ ಒಂದು ಬಾಗಿಲು, ಅದು ಯಾರಿಗೂ ಕಾಯುವುದಿಲ್ಲ. ಹಾಗಾಗಿ ಪರೀಕ್ಷೆಯ ವರ್ಷ ಕೂಟಗಳನ್ನು ಕಡಿಮೆ ಮಾಡಿ, ಅಭ್ಯಾಸ ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ ಒಂದು ಗಂಟೆ ಓಡಿದರೆ ರ‍್ಯಾಂಕ್ ಕೆಡುವುದಿಲ್ಲ, ಓಡದೆ ಕುಳಿತರೆ ನಿದ್ದೆ ಕೆಡುತ್ತದೆ. ಕ್ರೀಡಾ ಕೋಟಾದ ವಿಚಾರವನ್ನು ಆ ವರ್ಷದ ಕೆಇಎ ಸೂಚನೆಯಲ್ಲೇ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ. ಪ್ರಮಾಣಪತ್ರಗಳನ್ನು ಈಗಿನಿಂದಲೇ ಜೋಪಾನವಾಗಿಡಿ.

ಇನ್ನೊಂದು ಮಾತು. ಅವಳು ರಾಜ್ಯ ಮಟ್ಟಕ್ಕೆ ಹೋದರೆ ಯಾವುದೇ ವೈದ್ಯರ ಬಳಿಗೆ ಹೋದಾಗಲೂ "ನಾನು ಸ್ಪರ್ಧಿಸುವ ಓಟಗಾರ್ತಿ" ಎಂದು ಮೊದಲೇ ಹೇಳಬೇಕು. ಬಾವು ಇಳಿಸಲು ಬರೆಯುವ ಮೂತ್ರವರ್ಧಕ ಮಾತ್ರೆ ಉದ್ದೀಪನ ಮದ್ದು ತಡೆಯ ನಿಯಮದಂತೆ ಎಲ್ಲ ಕಾಲಕ್ಕೂ ನಿಷೇಧಿತ ಪಟ್ಟಿಯಲ್ಲಿದೆ. ಅಲರ್ಜಿಗೆ, ಉಬ್ಬಸಕ್ಕೆ ನುಂಗುವ ಸ್ಟೆರಾಯ್ಡ್ ಮಾತ್ರೆ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಬರೆದುಕೊಡುವ ವೈದ್ಯರಿಗೆ ಇದು ಗೊತ್ತಿಲ್ಲದಿರುವುದು ಸಾಮಾನ್ಯ, ಶಿಕ್ಷೆ ಮಾತ್ರ ಓಟಗಾರ್ತಿಗೆ.

ದಾವಣಗೆರೆಬೆಣ್ಣೆ:

ಅಮ್ಮ, ಕುಗ್ಗಬೇಡಿ. ನನ್ನ ಸಿಟ್ಟು ವ್ಯವಸ್ಥೆಯ ಮೇಲೆ, ನಿಮ್ಮ ಮಗಳ ಮೇಲಲ್ಲ. ಹಿಮಹಾದಿಯವರಿಗೆ ಒಂದು ಪ್ರಶ್ನೆ: 38 ರವರೆಗೆ ಕಲಿತರಲ್ಲ, ಅಷ್ಟು ವರ್ಷ ಖರ್ಚಿಗೆ ಏನು ಮಾಡಿದರು?

ಹಿಮಹಾದಿ:

ಲೆಕ್ಕಪತ್ರ ನನ್ನ ಬಳಿ ಇಲ್ಲ, ಬೆಣ್ಣೆಯವರೇ! ಆದರೆ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ವೃತ್ತಿಪರ ಸೈಕ್ಲಿಂಗ್ ಮತ್ತು ಟಿವಿ ಕೆಲಸ ಎರಡೂ ಎಂಬತ್ತರ ದಶಕದಲ್ಲಿ, ಓದಿನ ಜತೆಜತೆಗೇ ಬಂದವು. ಫಿಸಿಯೊ ಅವರು ಮೈಕನ್ನು ಅಷ್ಟು ಬೈದರು. ಆ ಮೈಕೇ ವೈದ್ಯಕೀಯದ ಶುಲ್ಕಕ್ಕೆ ಒಂದಿಷ್ಟು ಸೇರಿಸಿದ್ದರೆ ಆಶ್ಚರ್ಯವಿಲ್ಲ.

ಅಮ್ಮ ಅವರೇ, ಹೈಡನ್ ಅವರ ಕೋಚ್ ಡಯಾನ್ ಹೋಲಮ್ ಎಂಬ ಮಹಿಳೆ, 1972 ರಲ್ಲಿ 1500 ಮೀಟರ್ ಸ್ಕೇಟಿಂಗ್ ಚಿನ್ನ ಗೆದ್ದವರು. ತಂಗಿ ಬೆತ್ 1980 ರಲ್ಲಿ 3000 ಮೀಟರ್ ಕಂಚು ಗೆದ್ದು, ಅದೇ ವರ್ಷ ಸೈಕ್ಲಿಂಗ್‌ನಲ್ಲಿ ವಿಶ್ವ ರಸ್ತೆ ಚಾಂಪಿಯನ್ ಆದರು. ಅಣ್ಣನ ಸದ್ದಿನಲ್ಲಿ ಆಕೆಯ ಕಥೆಯನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಮಗಳಿಗೆ ಓದಲು ಕೊಡುವುದಾದರೆ ಬೆತ್ ಬಗ್ಗೆ ಬೇರೆ ಚರ್ಚೆ ಆರಂಭಿಸುತ್ತೇನೆ, ಭಾನುವಾರ ಬಿಡುವಿದೆ.

ಓಟಗಾರ್ತಿಯಅಮ್ಮ:

ಆರಂಭಿಸಿ ಸರ್. ಡಾಕ್ಟರ್, ಕಣಕಾಲು ಉಳುಕಿದಾಗ ಕೊಟ್ಟ ಮಾತ್ರೆಗಳ ಚೀಟಿ ಇನ್ನೂ ಮನೆಯಲ್ಲಿದೆ, ಇವತ್ತೇ ಹುಡುಕಿ ಹೆಸರುಗಳನ್ನು ನೋಡುತ್ತೇನೆ. ಉಬ್ಬಸಕ್ಕೆ ಸೇದುವ ಇನ್‌ಹೇಲರ್ ಕೂಡ ಆ ಪಟ್ಟಿಯಲ್ಲಿ ಬರುತ್ತದೆಯೇ? ಚಳಿಗಾಲದಲ್ಲಿ ಅವಳಿಗೆ ಬೇಕಾಗುತ್ತದೆ.

ಮೂಳೆವಿಭಾಗಮೈಸೂರು:

ಸೇದುವ ಸ್ಟೆರಾಯ್ಡ್‌ಗೆ ನಿಗದಿತ ಪ್ರಮಾಣದಲ್ಲಿ ಅಡ್ಡಿಯಿಲ್ಲ. ಉಸಿರುನಾಳ ಅಗಲಿಸುವ ಸಾಲ್ಬುಟಮಾಲ್ ಕೂಡ ಮಿತಿಯೊಳಗೆ ನಡೆಯುತ್ತದೆ. ಅದೇ ಔಷಧಿಯ ಮಾತ್ರೆ ಅಥವಾ ಸಿರಪ್ ಆದರೆ ಬೇಡ. ಪಟ್ಟಿ ಪ್ರತಿ ಜನವರಿ 1 ಕ್ಕೆ ಹೊಸದಾಗುತ್ತದೆ, ಆ ವರ್ಷದ್ದನ್ನೇ ನೋಡಿ. ಇನ್‌ಹೇಲರ್ ಹೆಸರನ್ನು ಇಲ್ಲಿ ಹಾಕಬೇಡಿ, ನಿಮ್ಮ ವೈದ್ಯರಿಗೇ ತೋರಿಸಿ.